ರಟ್ಟಿನ ಕಿಟಕಿಗೆ ಕಾಣದ ಮಣ್ಣೂರ

ನಮ್ಮ ಕಡೆ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರು ಮೊದಲು ಊರು ಕೇಳುತ್ತಾರೆ, ಆಮೇಲೆ ಕೆಲಸ ಕೇಳುತ್ತಾರೆ. ಊರು ಹೇಳುವುದು ಸುಲಭ: ಜೇವರ್ಗಿ ಕಡೆಯ ಇಜೇರಿ. ಕೆಲಸ ಹೇಳುವುದೇ ಕಷ್ಟ. ಒಮ್ಮೆ ಆಳಂದದ ಬಸ್ಸಿನಲ್ಲಿ ಮಾದನಹಿಪ್ಪರಗಾದ ಒಬ್ಬ ತಾಯಿಗೆ "ಸಂಖ್ಯಾಶಾಸ್ತ್ರದ ಕೆಲಸ" ಎಂದು ಹೇಳಿಬಿಟ್ಟೆ. ಆಕೆ ಕೂಡಲೇ ನನ್ನ ಕಡೆ ತಿರುಗಿ ಕುಳಿತು, ಮಗಳು ಹುಟ್ಟಿದ ತಾರೀಖು ಹೇಳಿ, "ಲಗ್ನ ಯಾವಾಗ ಆಗ್ತದ, ಸ್ವಲ್ಪ ನೋಡಿ ಹೇಳ್ರಿ ಬಾಯಿ" ಅಂದಳು. ನಾನು ತೊಗರಿ, ಜೋಳದ ಲೆಕ್ಕ ಮಾಡುವವಳು ಎಂದರೆ ಆಕೆಗೆ ಬಹಳ ಬೇಸರವಾಯಿತು. "ತೊಗರಿಗೆ ಏನ್ ಭವಿಷ್ಯ ನೋಡ್ತೀರಿ!" ಎಂದು ಕಿಟಕಿಯ ಕಡೆ ಮುಖ ಮಾಡಿದಳು.

ನಿಜ ಹೇಳಬೇಕೆಂದರೆ ನಾನು ಇಡೀ ನೌಕರಿಯಲ್ಲಿ ಮಾಡಿದ್ದು ಅದನ್ನೇ. ಒಂದು ಕೃಷಿ ಸಂಶೋಧನಾ ಕೇಂದ್ರದಲ್ಲಿ ಕುಳಿತು ಆಳಂದ, ಅಫಜಲಪುರ, ಜೇವರ್ಗಿ ತಾಲೂಕಿನ ಹೊಲಗಳಿಂದ ಬಂದ ತೂಕಗಳನ್ನು ಲೆಕ್ಕಕ್ಕೆ ಹಾಕಿ, ಯಾವ ತಳಿ ಮುಂದೆ ಹೋಗಬೇಕು, ಯಾವುದು ಇಲ್ಲಿಗೇ ನಿಲ್ಲಬೇಕು ಎಂದು ಹೇಳುವುದು. ಕೇಂದ್ರದ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿನ ಕ್ಯಾಂಟೀನಿನ ಬೆಕ್ಕು ಸಹ ತನ್ನ ಪ್ರಸ್ತಾಪ ಎಲ್ಲಿದೆ ಎಂದು ಹುಡುಕೀತು.

ಈ ಕೆಲಸಕ್ಕೆ ಹೊಸದಾಗಿ ಸೇರಿದ ಮಕ್ಕಳು ಮನೆಗೆ ಬಂದಾಗ, ಯಾವ ಸೂತ್ರ ಕಲಿಯಬೇಕು, ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಕೇಳುತ್ತಾರೆ. ಸೂತ್ರಗಳು ಪುಸ್ತಕದಲ್ಲಿ ಸಿಗುತ್ತವೆ. ಪುಸ್ತಕದಲ್ಲಿ ಸಿಗದ ಒಂದು ಕೆಲಸವಿದೆ: ಯಂತ್ರ ಲೆಕ್ಕ ಮುಗಿಸಿದ ಮೇಲೆ ಅದು ಕೊಟ್ಟ ರಾಶಿಯಿಂದ ನಮಗೆ ಬೇಕಾದ ಉತ್ತರವನ್ನು ಬಿಡಿಸಿ ತೆಗೆಯುವುದು. ಲೆಕ್ಕ ಸರಿ ಇದ್ದು, ಬಿಡಿಸುವುದು ತಪ್ಪಿದ್ದರಿಂದ ಒಂದು ತೊಗರಿ ತಳಿ ಕಾಯಂ ಆಗಿ ಬೀಜ ಕೂಡಿಡುವ ತಣ್ಣನೆಯ ಕೋಣೆ ಸೇರುವುದರಲ್ಲಿತ್ತು. ಅದರ ಹಿಂದೆ ಒಬ್ಬ ಮನುಷ್ಯನ ಅರ್ಧ ಆಯುಷ್ಯವಿತ್ತು. ಅಲ್ಲಿಗೆ ಬರುವ ಮುನ್ನ ಕೆಲವು ಹಳೆಯ ಮಾತುಗಳನ್ನು ಹೇಳಿಬಿಡುತ್ತೇನೆ, ಇಲ್ಲವಾದರೆ ಆ ತಪ್ಪಿನ ರುಚಿ ತಿಳಿಯುವುದಿಲ್ಲ.

ನಾನು ಸೇರಿದಾಗ ಕಂಪ್ಯೂಟರ್ ನಮ್ಮಲ್ಲಿ ಇರಲಿಲ್ಲ. ಅಂಕಿಗಳು ದೂರದ ಊರಿಗೆ ಹೋಗಿ, ಎರಡೂ ಅಂಚಿಗೆ ತೂತುಗಳಿರುವ ಉದ್ದನೆಯ ಕಾಗದದ ಮೇಲೆ ಉತ್ತರವಾಗಿ ಬರುತ್ತಿದ್ದವು. ಮಡಿಕೆ ಮಡಿಕೆಯಾದ ಆ ಕಾಗದವನ್ನು ಬಿಚ್ಚಿದರೆ ಮೇಜು ದಾಟಿ ಬಾಗಿಲವರೆಗೆ ಹೋಗುತ್ತಿತ್ತು. ಅದರಲ್ಲಿ ನಮಗೆ ಬೇಕಾದದ್ದು ಒಂದೋ ಎರಡೋ ಸಂಖ್ಯೆ.

ಆಗ ನಮ್ಮ ಮೇಲಧಿಕಾರಿ ಕುಲಕರ್ಣಿ ಸಾಹೇಬರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಕೆಂಪು ಪೆನ್ಸಿಲ್, ಮಾತು ಕಡಿಮೆ. ಅಷ್ಟು ದೊಡ್ಡ ಕಾಗದದಲ್ಲಿ ನಾವು ಕಣ್ಣು ಕೆಡಿಸಿಕೊಳ್ಳುವುದನ್ನು ನೋಡಲಾರದೆ ಅವರು ಒಂದು ಉಪಾಯ ಮಾಡಿದರು. ಹೊಸ ಸೀರೆಯ ಪೆಟ್ಟಿಗೆಯ ರಟ್ಟು ತಂದು, ಬ್ಲೇಡಿನಿಂದ ಅದರಲ್ಲಿ ಒಂದು ಸಣ್ಣ ಕಿಟಕಿ ಕೊರೆದರು. ರಟ್ಟನ್ನು ಕಾಗದದ ಮೂಲೆಗೆ ಸರಿಯಾಗಿ ಹೊಂದಿಸಿ ಇಟ್ಟರೆ ಕಿಟಕಿಯಲ್ಲಿ ಬೇಕಾದ ಸಂಖ್ಯೆ ಮಾತ್ರ ಕಾಣುತ್ತಿತ್ತು. ಉಳಿದದ್ದೆಲ್ಲ ರಟ್ಟಿನ ಕೆಳಗೆ.

"ಇನ್ನ ತಲಿ ಕೆಡಸ್ಕೋಬ್ಯಾಡ್ರಿ. ಕಿಟಕ್ಯಾಗ ಏನ್ ಕಾಣ್ತದ, ಅದನ್ನ ಬರೀರಿ," ಅಂದರು.

ಸುಳ್ಳು ಹೇಳಬಾರದು, ಬಹಳ ಸುಖವಾಯಿತು. ಮಧ್ಯಾಹ್ನದೊಳಗೆ ಕೆಲಸ ಮುಗಿದು ನಾವು ಚಹಾ ಕುಡಿಯುತ್ತ ಕೂರುತ್ತಿದ್ದೆವು. ಆದರೆ ನನಗೊಂದು ಹುಟ್ಟುಗುಣವಿದೆ. ಮುಚ್ಚಿಟ್ಟಿದ್ದು ಏನೆಂದು ತಿಳಿಯದೆ ಹೊಟ್ಟೆಗೆ ಅನ್ನ ಹೋಗುವುದಿಲ್ಲ. ಚಿಕ್ಕವಳಿದ್ದಾಗ ಮನೆಯ ರೇಡಿಯೊ ಬಿಚ್ಚಿ, ಜೋಡಿಸಲಾಗದೆ, ಅವ್ವನ ಕೈಯಿಂದ ಏಟು ತಿಂದವಳು ನಾನು.

ಒಂದು ಹಂಗಾಮಿನಲ್ಲಿ ಮೂರು ತಾಲೂಕಿನ ಜೋಳದ ಪ್ರಯೋಗದ ಉತ್ತರ ಒಟ್ಟಿಗೆ ಬಂತು. ರಟ್ಟು ಇಟ್ಟು ನೋಡಿದರೆ ಆಳಂದದ ಉತ್ತರ, ಅಫಜಲಪುರದ ಉತ್ತರ, ಜೇವರ್ಗಿಯ ಉತ್ತರ ಮೂರೂ ಒಂದೇ ಸಂಖ್ಯೆ! ಜೊತೆಯವರು "ಛಲೋ ಆತು, ಬರಿಯೋದು ಸುಲಭ" ಅಂದರು. ನನಗೆ ಕುತೂಹಲ ತಡೆಯಲಾಗಲಿಲ್ಲ. ಆಳಂದದ ಕೆಂಪು ಮಿಶ್ರ ಮಣ್ಣು, ಅಫಜಲಪುರದ ಭೀಮಾ ದಂಡೆಯ ಮೆಕ್ಕಲು ಮಣ್ಣು, ನಮ್ಮ ಜೇವರ್ಗಿಯ ಕರಿ ಎರೆ, ಮೂರೂ ಮಾತಾಡಿಕೊಂಡು ಒಂದೇ ಉತ್ತರ ಕೊಟ್ಟವೇ? ರಟ್ಟು ಎತ್ತಿದೆ. ಆ ವರ್ಷ ಯಂತ್ರದವರು ಮೇಲ್ಗಡೆ ಒಂದು ಶೀರ್ಷಿಕೆಯ ಸಾಲು ಹೆಚ್ಚಿಗೆ ಸೇರಿಸಿದ್ದರು. ಎಲ್ಲವೂ ಒಂದು ಸಾಲು ಕೆಳಗಿಳಿದಿತ್ತು. ಕಿಟಕಿಯಲ್ಲಿ ಕಾಣುತ್ತಿದ್ದುದು ಉತ್ತರವಲ್ಲ, ಪ್ರಯೋಗಕ್ಕೆ ಬಿತ್ತಿದ ಮಡಿಗಳ ಎಣಿಕೆ. ಮೂರೂ ಕಡೆ ಅಷ್ಟೇ ಮಡಿ ಹಾಕಿದ್ದರಿಂದ ಅದು ಒಂದೇ ಇತ್ತು.

ಕುಲಕರ್ಣಿ ಸಾಹೇಬರಿಗೆ ತೋರಿಸಿದೆ. ಅವರು ಬಹಳ ಹೊತ್ತು ಕಾಗದ ನೋಡಿದರು, ರಟ್ಟು ನೋಡಿದರು, ನನ್ನನ್ನು ನೋಡಿದರು. ಬೈಯಲಿಲ್ಲ. ಡ್ರಾಯರಿನಿಂದ ಬ್ಲೇಡ್ ತೆಗೆದು ಕಿಟಕಿಯನ್ನು ಇನ್ನೊಂದು ಸಾಲಿನಷ್ಟು ದೊಡ್ಡದು ಮಾಡಿದರು. "ಈಗ ಎರಡೂ ಕಾಣ್ತಾವ, ಯಾವ್ದು ಬೇಕೋ ನೋಡಿ ತಗೋ," ಅಂದರು. ಮುಂದೆ ಅವರು ನಿವೃತ್ತರಾಗುವ ಹೊತ್ತಿಗೆ ಆ ಕಿಟಕಿ ಬೆಳೆದು ಬೆಳೆದು ಬಾಗಿಲಾಗಿತ್ತು, ರಟ್ಟಿನ ಅಂಚು ಮಾತ್ರ ಉಳಿದಿತ್ತು. ಅದನ್ನು ನನ್ನ ಕೈಗೆ ಕೊಟ್ಟು ಹೋದರು. ಅವರ ಮೇಲೆ ನನಗೆ ಇವತ್ತಿಗೂ ಪ್ರೀತಿ. ತಪ್ಪು ತಿಳಿದಾಗ ಕಿಟಕಿ ದೊಡ್ಡದು ಮಾಡುವ ಮೇಲಧಿಕಾರಿ ಎಲ್ಲರಿಗೂ ಸಿಗುವುದಿಲ್ಲ.

ಆಮೇಲೆ ನಮ್ಮಲ್ಲೇ ಕಂಪ್ಯೂಟರ್ ಬಂತು. ಮೊದಲು ಗುಂಡಿ ಒತ್ತಿದರೆ ಕೋಷ್ಟಕ ಬೀಳುವ ಸಾಫ್ಟ್‌ವೇರ್‌ಗಳು. ಅವುಗಳ ಉತ್ತರವೂ ಹಳೆಯ ಕಾಗದದ ಹಾಗೆಯೇ ಉದ್ದ, ಅದರಿಂದ ಕೈಯಲ್ಲಿ ಟೈಪ್ ಮಾಡಿ ವರದಿಗೆ ಹಾಕಬೇಕು. ದಶಾಂಶದ ಚುಕ್ಕೆ ಒಂದು ಮನೆ ಆಚೆ ಹೋಗಿ ಒಂದು ಗುಂಟೆಯಲ್ಲಿ ಹತ್ತು ಗುಂಟೆಯ ಬೆಳೆ ಬಂದದ್ದೂ ಉಂಟು. ನನ್ನ ನೌಕರಿ ಮುಕ್ಕಾಲು ಕಳೆದ ಮೇಲೆ ಆರ್ ಎನ್ನುವ ಪ್ರೋಗ್ರಾಮಿಂಗ್ ಭಾಷೆ ಬಂತು. ದುಡ್ಡು ಕೊಡಬೇಕಾಗಿಲ್ಲ, ಒಂದೇ ಅಕ್ಷರದ ಹೆಸರು. ವಯಸ್ಸಾದವರೆಲ್ಲ ಬೇಡ ಅಂದರು, ನಾನು ತರಬೇತಿಗೆ ಹೆಸರು ಕೊಟ್ಟೆ. ಒಳಗೇನಿದೆ ನೋಡುವ ಚಟ.

ಮೊದಲ ದಿನವೇ ನಿರಾಸೆಯಾಯಿತು. ಅಷ್ಟೆಲ್ಲ ಅಂಕಿ ಕೊಟ್ಟು, ಲೆಕ್ಕದ ಮಾದರಿ ಬರೆದು, ಎಂಟರ್ ಒತ್ತಿದರೆ ಪರದೆಯ ಮೇಲೆ ಬಿದ್ದದ್ದು ಬರೀ ನಾಲ್ಕು ಸಾಲು. "ಇಷ್ಟೇನಾ?" ಅಂದೆ. ಕಲಿಸುತ್ತಿದ್ದ ಹುಡುಗಿ ನಕ್ಕಳು. "ಮೇಡಂ, ಇದು ಉತ್ತರ ಅಲ್ರಿ, ಉತ್ತರದ ಮುಖ. ಉತ್ತರ ಒಳಗದ. ಅದಕ್ಕೊಂದು ಹೆಸರಿಟ್ಟು ಹಿಡಕೊಳ್ರಿ, ಆಮ್ಯಾಲ ಒಳಗ ಏನೇನದ ಅಂತ ಅದನ್ನೇ ಕೇಳ್ರಿ."

ನಾವು ಶಾಲೆಗೆ ಹೋಗುವಾಗ ಅವ್ವ ಬಟ್ಟೆಯಲ್ಲಿ ಬುತ್ತಿ ಕಟ್ಟುತ್ತಿದ್ದಳು. ಗಂಟಿನ ಮೇಲೆ ಕಾಣುವುದು ರೊಟ್ಟಿಯ ಅಂಚು. ಬಿಚ್ಚಿದರೆ ಒಳಗೆ ಪುಂಡಿಪಲ್ಯ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಕೆಲವೊಮ್ಮೆ ಒಂದು ತುಣುಕು ಬೆಲ್ಲ. ಆರ್‌ನಲ್ಲಿ ಲೆಕ್ಕ ಮಾಡುವ ಫಂಕ್ಷನ್ ಕೊಡುವ ಉತ್ತರವೂ ಅಂಥ ಬುತ್ತಿಗಂಟು. 'ನೇಮ್ಸ್' ಎಂದು ಕೇಳಿದರೆ ಒಳಗಿರುವವುಗಳ ಹೆಸರು ಹೇಳುತ್ತದೆ. 'ಸ್ಟ್ರ್' ಎಂದು ಕೇಳಿದರೆ ಇಡೀ ಗಂಟು ಹೇಗೆ ಕಟ್ಟಿದೆ ಎಂದು ತೋರಿಸುತ್ತದೆ. ಗಂಟಿನ ಹೆಸರು ಬರೆದು, ಮುಂದೆ ಡಾಲರ್ ಚಿಹ್ನೆ ಹಾಕಿ, ಬೇಕಾದ್ದರ ಹೆಸರು ಬರೆದರೆ ಅದೊಂದೇ ಕೈಗೆ ಬರುತ್ತದೆ. ಮೂರನೆಯದು ಕೊಡು, ಐದನೆಯದು ಕೊಡು ಎಂದೂ ಕೇಳಬಹುದು. ಆದರೆ ಅದು ಕುಲಕರ್ಣಿ ಸಾಹೇಬರ ರಟ್ಟು. ಹೊಸ ಆವೃತ್ತಿಯಲ್ಲಿ ಯಾರಾದರೂ ನಡುವೆ ಇನ್ನೊಂದನ್ನು ಸೇರಿಸಿದರೆ ಐದನೆಯದು ಆರನೆಯದಾಗುತ್ತದೆ, ನಿಮಗೆ ಸುದ್ದಿ ಬರುವುದಿಲ್ಲ. ಹೆಸರು ಹಿಡಿದು ಕರೆಯಿರಿ.

ಇನ್ನೊಂದು ಮಾತು. ಬೇಕಾದದ್ದೆಲ್ಲ ಒಂದೇ ಗಂಟಿನಲ್ಲಿ ಇರುತ್ತದೆ ಎಂದುಕೊಳ್ಳಬೇಡಿ. ಲೆಕ್ಕದ ಗಂಟಿನಲ್ಲಿ ಅಂದಾಜು ಇರುತ್ತದೆ, ಆ ಅಂದಾಜನ್ನು ಎಷ್ಟು ನಂಬಬಹುದು ಎನ್ನುವುದು ಇರುವುದಿಲ್ಲ. ಅದಕ್ಕೆ 'ಸಮರಿ', ಅಂದರೆ ಸಾರಾಂಶ, ಕೇಳಿ, ಅದು ಕಟ್ಟಿಕೊಡುವ ಎರಡನೆಯ ಗಂಟನ್ನು ಬಿಚ್ಚಬೇಕು. ಪರದೆಯ ಮೇಲೆ ಕಣ್ಣಿಗೆ ಕಂಡದ್ದು ಮೊದಲ ಗಂಟಿನಲ್ಲಿ ಯಾಕಿಲ್ಲ ಎಂದು ಹೈರಾಣಾದ ಹುಡುಗರನ್ನು ಬಹಳ ನೋಡಿದ್ದೇನೆ.

ಆ ಗಂಟುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಯಾರೂ ಕೇಳದ ಒಂದು ಮೂಲೆ: ಉಳಿಕೆಗಳು. ಲೆಕ್ಕ ಇಷ್ಟು ಬರಬೇಕು ಅನ್ನುತ್ತದೆ, ಹೊಲ ಅಷ್ಟು ಕೊಡುತ್ತದೆ, ಎರಡರ ನಡುವಿನ ವ್ಯತ್ಯಾಸವೇ ಉಳಿಕೆ. ನಮ್ಮ ಇಜೇರಿಯಲ್ಲಿ ಚಿಕ್ಕಪ್ಪನ ಮಗ ಬಸವರಾಜನ ಹೊಲದಲ್ಲಿ ನಮ್ಮ ಒಂದು ಪ್ರಯೋಗವಿತ್ತು. ಉಳಿಕೆಗಳನ್ನು ತೆಗೆದು ಹೊಲದ ನಕ್ಷೆಯ ಮೇಲೆ ಹರಡಿದಾಗ ಒಂದು ಮೂಲೆ ಎದ್ದು ಕಂಡಿತು. ಯಾವ ತಳಿ ಹಾಕಿದರೂ ಅಲ್ಲಿ ಲೆಕ್ಕಕ್ಕಿಂತ ಹೆಚ್ಚು ಬರುತ್ತಿತ್ತು. ತೂಕ ತಪ್ಪಿದೆಯೇ, ಚೀಟಿ ಅದಲುಬದಲಾಗಿದೆಯೇ ಎಂದು ತಲೆ ಕೆರೆದುಕೊಂಡು ಕೊನೆಗೆ ಬಸ್ಸು ಹತ್ತಿ ಊರಿಗೇ ಹೋದೆ.

ಬಸವರಾಜ ಆ ಮೂಲೆಯಲ್ಲಿ ನಿಂತು ನಗತೊಡಗಿದ. "ಅಕ್ಕಾ, ಖರೇ ಮರ್ತಿಯೇನ್? ಇಲ್ಲಿ ಮುತ್ಯಾನ ಕಣ ಇತ್ತಲ್ಲ! ಹಂತಿ ಹೊಡೀತಿದ್ರು. ಎತ್ತಿನ ಸಗಣಿ, ಗಂಜಲ, ಹೊಟ್ಟು ಎಲ್ಲಾ ಇಲ್ಲೇ ಬಿದ್ದು ಮಣ್ಣಾಗ್ಯದ."

ನಾನು ಆ ಕಣದಲ್ಲಿ ಆಡಿ ಬೆಳೆದವಳು. ನಮ್ಮ ಅಜ್ಜ, ಆ ಮುತ್ಯಾ, ತೆನೆ ತುಳಿಸಲು ಎತ್ತು ಸುತ್ತಿಸಿ ಹಂತಿ ಹೊಡೆಯುವಾಗ ಅವುಗಳ ಹಿಂದೆ ಸುತ್ತಿದವಳು. ನಾನು ಮರೆತಿದ್ದೆ, ಕಣವನ್ನು ಉತ್ತು ಎಷ್ಟೋ ವರ್ಷವಾಗಿತ್ತು, ಮುತ್ಯಾ ಹೋಗಿ ಅದಕ್ಕೂ ಹೆಚ್ಚಾಗಿತ್ತು. ಇಜೇರಿಯನ್ನು ಕಾಣದ ಒಂದು ಯಂತ್ರ ಅವನ ಕಣ ಇದ್ದ ಜಾಗಕ್ಕೆ ಬೆರಳು ಮಾಡಿ ತೋರಿಸಿತ್ತು. ನನಗೆ ಅಲ್ಲೇ ಅಳು ಬಂತು, ಬಸವರಾಜನಿಗೆ ಕಣ್ಣಿಗೆ ದೂಳು ಬಿತ್ತು ಎಂದು ಹೇಳಿದೆ. ಆ ದಿನದಿಂದ ಯಾವ ಗಂಟನ್ನೂ ಪೂರ್ತಿ ಬಿಚ್ಚದೆ ಮುಂದೆ ಸರಿಸಿದ್ದಿಲ್ಲ.

ಇನ್ನು ತೊಗರಿಯ ಮಾತು.

ನಮ್ಮ ಕೇಂದ್ರದಲ್ಲಿ ಶಿವಶರಣಪ್ಪ ಎಂಬ ತಳಿ ವಿಜ್ಞಾನಿ ಇದ್ದರು. ಮೆಲುದನಿಯ ಮನುಷ್ಯ. ಯಾರ ಮನೆಗೆ ಹೋದರೂ ಚಹಾ ಬರುವ ತನಕ ಜೇಬಿನ ಕರವಸ್ತ್ರ ಬಿಚ್ಚಿ ಅದರೊಳಗಿನ ತೊಗರಿ ಕಾಳುಗಳನ್ನು ಎಣಿಸುತ್ತ ಕೂರುವವರು. ನಮ್ಮ ಕಡೆ ತೊಗರಿಗೆ ನೆಟೆ ರೋಗ ಬರುತ್ತದೆ. ಹಸಿರಾಗಿ ನಿಂತ ಗಿಡ ಕಾಯಿ ಕಟ್ಟುವ ಹೊತ್ತಿಗೆ ನಿಂತಲ್ಲೇ ಒಣಗಿ ಹೋಗುತ್ತದೆ. ಶಿವಶರಣಪ್ಪ ಎಷ್ಟೋ ವರ್ಷ ದುಡಿದು ನೆಟೆಗೆ ಜಗ್ಗದ ಒಂದು ತಳಿ ಮಾಡಿದ್ದರು. ಕಾಗದದಲ್ಲಿ ಅದಕ್ಕೆ ಏನೋ ಸಂಖ್ಯೆ ಇತ್ತು, ನಾವೆಲ್ಲ ಶಿವಶರಣಪ್ಪನ ತೊಗರಿ ಅನ್ನುತ್ತಿದ್ದೆವು. ಮೂರು ತಾಲೂಕಿನ ರೈತರ ಹೊಲದಲ್ಲಿ ಹಳೆಯ ತಳಿಯ ಪಕ್ಕದಲ್ಲಿ ಅದನ್ನು ಬಿತ್ತಿ ನೋಡಿದ್ದಾಗಿತ್ತು. ಅದರ ಫಲಿತಾಂಶದ ಸಭೆಯಲ್ಲಿ ಅದು ಮುಂದಿನ ಹಂತಕ್ಕೆ ಹೋಗಬೇಕು, ಇಲ್ಲವೇ ಬೀಜ ಡಬ್ಬಿ ಸೇರಿ ತಣ್ಣನೆಯ ಕೋಣೆಗೆ ಹೋಗಬೇಕು. ಅಲ್ಲಿಗೆ ಹೋದ ಬೀಜವನ್ನು ಮತ್ತೆ ಹೊರಗೆ ತಂದದ್ದು ನಾನು ನೋಡಿಲ್ಲ. ಶಿವಶರಣಪ್ಪ ಆ ವರ್ಷವೇ ನಿವೃತ್ತರಾಗುವವರಿದ್ದರು.

ಲೆಕ್ಕ ಮಾಡಿದ್ದು ಅಂಬಿಕಾ. ನಮ್ಮಲ್ಲಿಗೆ ಹೊಸದಾಗಿ ಸೇರಿದ್ದ ಜಾಣೆ, ಆರ್ ಭಾಷೆಯಲ್ಲಿ ನನಗಿಂತ ಚುರುಕು. ಒಂದೊಂದೇ ಗಂಟು ಬಿಚ್ಚುತ್ತ ಕೂರುವ ನನ್ನ ಪದ್ಧತಿ ಅವಳಿಗೆ ಎತ್ತಿನ ಗಾಡಿ. ನೂರಾರು ತಳಿಗಳ ಉತ್ತರವನ್ನು ಒಂದೇ ಏಟಿಗೆ ಬಿಡಿಸುವ ಒಂದು ಪ್ರೋಗ್ರಾಂ ಬರೆದಿದ್ದಳು. ಅದು ಪ್ರತಿ ಗಂಟಿನೊಳಗೆ ಹೋಗಿ, ಯಾವ ಸಾಲಿನಲ್ಲಿ ತಳಿಯ ಜೊತೆ ತಾಲೂಕಿನ ಹೆಸರಿದೆಯೋ ಆ ಸಾಲನ್ನು ಎತ್ತಿ ಕೋಷ್ಟಕದಲ್ಲಿ ಕೂರಿಸುತ್ತಿತ್ತು. ಸ್ಥಾನ ಹಿಡಿದಲ್ಲ, ಹೆಸರು ಹಿಡಿದೇ. ನಾನು ಕಲಿಸಿದ ಪಾಠವನ್ನು ಚಾಚೂ ತಪ್ಪದೆ ಮಾಡಿದ್ದಳು.

ಆ ವಾರ ನಾನು ಕಣ್ಣಿನ ಪೊರೆ ತೆಗೆಸಿಕೊಂಡು ರಜೆಯಲ್ಲಿದ್ದೆ. ಸಭೆಗೆ ಮಾತ್ರ ಕಪ್ಪು ಕನ್ನಡಕ ಹಾಕಿಕೊಂಡು ಬಂದೆ. ಗೋಡೆಯ ಮೇಲಿನ ಪರದೆ ನನಗೆ ಬೆಳ್ಳಗಿನ ಮಂಜು. ಆಗ ನಮ್ಮ ಮುಖ್ಯಸ್ಥರು ಬಿರಾದಾರ ಸರ್. ಕೆಟ್ಟವರಲ್ಲ, ಅವಸರದವರು. "ಪುರಾಣ ಬ್ಯಾಡ್ರಿ, ನಂಬರ್ ಹೇಳ್ರಿ" ಎನ್ನುವುದು ಅವರ ಮಂತ್ರ. ಪ್ರಯೋಗಕ್ಕೆ ಹೊಲ ಕೊಟ್ಟ ರೈತರೂ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಅವರಲ್ಲಿ ಅಫಜಲಪುರ ತಾಲೂಕಿನ ಮಣ್ಣೂರದಿಂದ ಬಂದವರು ಗುರುಬಾಯಿ ಅಕ್ಕೋರು. ಭೀಮಾ ದಂಡೆಯಲ್ಲಿ ಅವರ ಹೊಲ. ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತರಾದ ಮೇಲೂ ಇಡೀ ಊರು ಅವರನ್ನು ಅಕ್ಕೋರು ಎಂದೇ ಕರೆಯುತ್ತಿತ್ತು.

ಮೂರು ತಾಲೂಕಿನ ಹೊಲಕ್ಕೆ ಹೋದ ತಳಿಗಳಲ್ಲಿ ಮೊದಲು ಶಿವಶರಣಪ್ಪನ ತೊಗರಿಯ ಸರದಿ ಬಂತು. ಬಿರಾದಾರ ಸರ್ ಪರದೆ ನೋಡಿ ಓದಿದರು. "ಆಳಂದ, ಮೈನಸ್. ಜೇವರ್ಗಿ, ಮೈನಸ್. ಅಫಜಲಪುರ, ಫಲಿತಾಂಶ ಇಲ್ಲ." ಅಂಬಿಕಾಳ ಪ್ರೋಗ್ರಾಂಗೆ ಆ ಹೆಸರು ಎಲ್ಲೂ ಸಿಕ್ಕಿರಲಿಲ್ಲ. ಖಾಲಿ ಉಳಿದ ಆ ಜಾಗದಲ್ಲಿ ಹಿಂದಿನ ದಿನ ಸರ್ ತಾವೇ ಹಾಗೆ ತುಂಬಿಸಿದ್ದರು. "ಎರಡ್ ಕಡಿ ಕಡಿಮಿ, ಒಂದ್ ಕಡಿ ಇಲ್ಲೇ ಇಲ್ಲ. ಹಂಗಾದ್ರ ಈ ತಳಿ ಇಲ್ಲಿಗೇ ನಿಲ್ಲಿಸೋಣ. ಮುಂದಿಂದು."

ಶಿವಶರಣಪ್ಪ ನನ್ನ ಪಕ್ಕದಲ್ಲೇ ಇದ್ದರು. ಕಾಳು ಸಮೇತ ಕರವಸ್ತ್ರ ಮಡಚಿ ಜೇಬಿಗೆ ಹಾಕಿಕೊಂಡದ್ದು ನನಗೆ ಸದ್ದಿನಲ್ಲೇ ತಿಳಿಯಿತು. ಅವರು ಜಗಳವಾಡುವ ಜಾತಿಯವರಲ್ಲ.

ಆಗ ಹಿಂದಿನಿಂದ ಗುರುಬಾಯಿ ಅಕ್ಕೋರ ದನಿ ಬಂತು. ತರಗತಿಯ ಕೊನೆಯ ಬೆಂಚಿಗೂ ಕೇಳುವ ದನಿ.

"ಸಾಹೇಬ್ರ, ಒಂದ್ ಮಾತ ಕೇಳ್ಲೇನ್ರಿ? ಫಲಿತಾಂಶ ಇಲ್ಲ ಅಂದ್ರ ಏನ್ರಿ? ನಿಮ್ಮ ಮಂದಿನೇ ಬಂದು ನಮ್ಮ ಹೊಲ್ದಾಗ ಕೊಯ್ದು, ಬಡ್ದು, ತೂಗಿ ಒಯ್ದಾರ. ನಾ ಅಲ್ಲೇ ನಿಂತಿದ್ನಿ. ಹಳೀ ತೊಗರಿ ನಿಂತಲ್ಲೇ ಒಣಗಿತ್ತು, ಈ ಶಿವಶರಣಪ್ಪೋರದು ಹಸರಾಗಿ ನಿಂತಿತ್ತು. ನಮ್ಮ ಮಣ್ಣೂರ ಎಲ್ಲಿ ಹೋಯ್ತ್ರಿ?"

ಬಿರಾದಾರ ಸರ್ ಅಂಬಿಕಾಳ ಕಡೆ ನೋಡಿದರು. ಅವಳು ಕುರ್ಚಿ ಸರಿಸಿ ಎದ್ದಳು. "ಕಂಪ್ಯೂಟರಿನಾಗ... ಬಂದಿಲ್ರಿ ಸರ್."

"ಅಂಕಿ ಹಾಕಿದ್ದಿ ಹೌದಿಲ್ಲೋ?" ನಾನು ಕೇಳಿದೆ.

"ಹಾಕೇನ್ರಿ ಮೇಡಂ. ಖರೇನ ಹಾಕೇನಿ."

ಅಂಕಿ ಒಳಗೆ ಹೋಗಿದೆ, ಹೊರಗೆ ಬಂದಿಲ್ಲ. ನನ್ನ ಹಳೆಯ ಚಟ ಎದ್ದು ಕುಳಿತಿತು. "ಸರ್, ಎಲ್ಲಾರೂ ಚಾ ಕುಡಿಯೋತನಾ ನಮಗ ಟೈಮ್ ಕೊಡ್ರಿ," ಅಂದೆ. ಚಹಾದ ಹೆಸರು ಹೇಳಿದರೆ ಬಿರಾದಾರ ಸರ್ ಸಹ ಇಲ್ಲ ಅನ್ನುವುದಿಲ್ಲ.

ಅಂಬಿಕಾಳನ್ನು ಪಕ್ಕಕ್ಕೆ ಕೂರಿಸಿಕೊಂಡೆ. "ನನಗ ಕಣ್ಣ ಕಾಣವಲ್ದು. ನಿನ್ನ ಪ್ರೋಗ್ರಾಂ ಬ್ಯಾಡ. ಆ ಗಂಟ ಬಿಚ್ಚು, ಒಳಗ ಏನೇನದ ಎಲ್ಲಾ ಬಾಯಿಲೆ ಓದು ಬೇ. ಒಂದೂ ಬಿಡಬ್ಯಾಡ."

ಅವಳು ಓದತೊಡಗಿದಳು. ಅಂದಾಜುಗಳು, ಉಳಿಕೆಗಳು, ಮಾದರಿಯ ಸೂತ್ರ. ಓದುತ್ತ ಓದುತ್ತ ಗುಂಪುಗಳ ಹೆಸರಿಟ್ಟ ಮೂಲೆಗೆ ಬಂದಳು. "ತಾಲೂಕು: ಅಫಜಲಪುರ, ಆಳಂದ, ಜೇವರ್ಗಿ," ಎಂದು ಓದಿ, ನಿಂತುಬಿಟ್ಟಳು. "ಮೇಡಂ, ಅಫಜಲಪುರ ಒಳಗ ಅದರಿ! ಮೊದಲನೇದ ಅದ!"

"ನಾವು ಬಾಯಿಲೆ ಹೆಂಗ ಹೇಳ್ತೀವಿ, ಯಾವ್ದು ಮೊದ್ಲ?" ಅಂದೆ.

"ಆಳಂದ, ಅಫಜಲಪುರ, ಜೇವರ್ಗಿ."

ಹೌದು. ನಮ್ಮ ಸೀಮೆಯಲ್ಲಿ ಯಾರ ಬಾಯಲ್ಲಿ ಕೇಳಿದರೂ ಅದೇ ಕ್ರಮ. ನಮ್ಮ ಕಡತಗಳಲ್ಲೂ ಅದೇ, ಜೀಪು ಹೋಗುವ ದಾರಿಯ ಮಾತಿನಲ್ಲೂ ಅದೇ. ಅಫಜಲಪುರ ಯಾವಾಗಲೂ ನಡುವಿನ ಮಗ. ಅದು ಮೊದಲು ಬಂದೀತು ಎಂದು ನಮಗೆ ಯಾರಿಗೂ ಹೊಳೆಯುವುದೇ ಇಲ್ಲ. ಯಂತ್ರ ಮಾತ್ರ ಅಕ್ಷರದ ಕ್ರಮ ಹಿಡಿದು ಅದನ್ನು ಮೊದಲು ಕೂರಿಸಿತ್ತು. ಈ ಲೆಕ್ಕದಲ್ಲಿ ಮೊದಲು ಕುಳಿತವನಿಗೆ ಒಂದು ಬೇರೆ ಕೆಲಸವಿದೆ: ಅವನೇ ಬುನಾದಿ. ಉಳಿದವರೆಲ್ಲ ಅವನಿಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಹೇಳುತ್ತಾರೆಯೇ ಹೊರತು ಅವನ ಹೆಸರಿನ ಸಾಲು ಪ್ರತ್ಯೇಕವಾಗಿ ಬರುವುದಿಲ್ಲ. ತಳಿಗಳಲ್ಲಿ ಹಳೆಯದು ಬುನಾದಿ ಎಂದು ನಾವೇ ಹೇಳಿಕೊಟ್ಟಿದ್ದೆವು. ತಾಲೂಕಿಗೆ ಏನೂ ಹೇಳಿರಲಿಲ್ಲ, ಅದು ತಾನೇ ಆರಿಸಿಕೊಂಡಿತ್ತು.

ಅಂಬಿಕಾ ಆಗಲೇ ಕಾಗದ ಎಳೆದುಕೊಂಡು ಕೂಡುತ್ತಿದ್ದಳು. ನಿಮಗೆ ತಿಳಿಯಲೆಂದು ಸಣ್ಣ ಸಂಖ್ಯೆಗಳಲ್ಲಿ ಹೇಳುತ್ತೇನೆ, ನಿಜವಾದವು ಇವಲ್ಲ. ಹೊಸ ತಳಿಯ ಹೆಸರಿನ ಸಾಲಿನಲ್ಲಿ ಐದು ಇತ್ತು ಎನ್ನಿ. ಅದು ಎಲ್ಲ ತಾಲೂಕಿನ ಸರಾಸರಿಯಲ್ಲ, ಬುನಾದಿಯಾದ ಅಫಜಲಪುರದಲ್ಲಿ ಹೊಸದು ಹಳೆಯದಕ್ಕಿಂತ ಐದು ಹೆಚ್ಚು ಎಂಬ ಮಾತು. ಆ ಸಾಲಿನಲ್ಲಿ ತಾಲೂಕಿನ ಹೆಸರಿಲ್ಲವಲ್ಲ, ಪ್ರೋಗ್ರಾಂ ಅದನ್ನು ಎತ್ತಲೇ ಇಲ್ಲ. ಆಳಂದದ ಸಾಲಿನ ಮೈನಸ್ ಎರಡು ಎಂದರೆ ಆಳಂದದಲ್ಲಿ ನಷ್ಟವೆಂದಲ್ಲ, ಅಫಜಲಪುರದ ಐದರಲ್ಲಿ ಎರಡು ಕಡಿಮೆ, ಅಂದರೆ ಮೂರು ಲಾಭ. ಜೇವರ್ಗಿಯ ಮೈನಸ್ ಐದು ಎಂದರೆ ಅಲ್ಲಿ ಹೊಸದೂ ಹಳೆಯದೂ ಸರಿಸಮ. ಎಲ್ಲೂ ಸೋತಿಲ್ಲ. ನೆಟೆ ರೋಗ ಜೋರಾಗಿರುವ ಮಣ್ಣೂರದಲ್ಲಿ ಎಲ್ಲಕ್ಕಿಂತ ದೊಡ್ಡ ಗೆಲುವು. ಆ ಗೆಲುವು ದೊಡ್ಡದಾಗಿದ್ದರಿಂದಲೇ ಉಳಿದವರ ಮುಂದೆ ಮೈನಸ್ ಬಿದ್ದಿತ್ತು.

ಸಮರಿಯ ಗಂಟು ಬಿಚ್ಚಿ, ಆ ಐದನ್ನು ನಂಬಬಹುದೇ ಎಂದು ನೋಡಿದೆವು. ನಂಬಬಹುದಾಗಿತ್ತು. ಆಮೇಲೆ ಅಂಬಿಕಾ ಬುನಾದಿಯನ್ನು ಬದಲಿಸಿ ಆಳಂದವನ್ನು ಕೂರಿಸಿ ಮತ್ತೊಮ್ಮೆ ಲೆಕ್ಕ ಓಡಿಸಿದಳು. ಈ ಸಲ ಆಳಂದ ಪರದೆಯಿಂದ ಮಾಯವಾಯಿತು, ಅಫಜಲಪುರ ಕಾಣಿಸಿಕೊಂಡಿತು, ಕೂಡಿ ಕಳೆದರೆ ಎಲ್ಲ ಉತ್ತರ ಅವೇ. ಅವಳು ಚಹಾ ಮರೆತು ನೋಡುತ್ತಿದ್ದಳು ಎಂದು ಕಾಣುತ್ತದೆ, ನನ್ನ ಕೈಗೆ ತಗುಲಿದ ಅವಳ ಲೋಟ ತುಂಬಿದ್ದು ತುಂಬಿದಂತೆಯೇ ತಣ್ಣಗಾಗಿತ್ತು.

"ಮೇಡಂ, ಹೆಸರು ಹಿಡದ ಹುಡುಕಿದ್ರೂ ತಪ್ಪಾಯ್ತಲ್ರಿ," ಅಂದಳು.

"ಹೆಸರೂ ಒಂದ್ ಕಿಟಕಿನೇ ಬೇ," ಅಂದೆ.

ಸಭೆ ಮತ್ತೆ ಸೇರಿದಾಗ ಅವಳನ್ನೇ ಎದ್ದು ನಿಲ್ಲಿಸಿದೆ. ತಡವರಿಸದೆ ಎಲ್ಲ ಹೇಳಿದಳು. ಬಿರಾದಾರ ಸರ್ ಮಧ್ಯೆ ಒಮ್ಮೆ "ನಂಬರ್ ಹೇಳಮ್ಮಾ" ಅಂದರು. ಹೇಳಿದಳು. ಅವರು ಎದ್ದು ಹೋಗಿ, ತಾವು ತುಂಬಿಸಿದ್ದ ಫಲಿತಾಂಶ ಇಲ್ಲ ಎಂಬುದನ್ನು ತಮ್ಮ ಕೈಯಿಂದಲೇ ಅಳಿಸಿದರು. ಶಿವಶರಣಪ್ಪನ ತೊಗರಿ ಅಫಜಲಪುರಕ್ಕೂ ಆಳಂದಕ್ಕೂ ಮುಂದಿನ ಹಂತಕ್ಕೆ ಹೋಗಬೇಕು, ಜೇವರ್ಗಿಗೆ ಹಳೆಯದೇ ಸಾಕು ಎಂದು ತೀರ್ಮಾನವಾಯಿತು. ನಾನು ಜೇವರ್ಗಿಯವಳು, ಸ್ವಲ್ಪ ಹೊಟ್ಟೆಕಿಚ್ಚಾಯಿತು. ಶಿವಶರಣಪ್ಪ ಜೇಬಿನಿಂದ ಕರವಸ್ತ್ರ ತೆಗೆದು ಕಣ್ಣೊರೆಸಿಕೊಳ್ಳಲು ಹೋದರು, ಕಾಳು ಕಟ್ಟಿದ್ದು ನೆನಪಿರಲಿಲ್ಲ. ತೊಗರಿ ಕಾಳೆಲ್ಲ ನೆಲದ ಮೇಲೆ ಉರುಳಿದವು. ಮುಖ್ಯಸ್ಥರಿಂದ ಹಿಡಿದು ಎಲ್ಲರೂ ಬಗ್ಗಿ ಆರಿಸಿದೆವು. ಕಪ್ಪು ಕನ್ನಡಕದ ನನ್ನ ಕೈಗೂ ನಾಲ್ಕು ಸಿಕ್ಕವು.

ಹೊರಡುವಾಗ ಅಂಬಿಕಾ ಗುರುಬಾಯಿ ಅಕ್ಕೋರ ಬಳಿ ಹೋಗಿ, "ತಪ್ಪಾಯ್ತ್ರಿ ಅಕ್ಕೋರ, ನಿಮ್ಮೂರು ಬುನಾದಿ ಆಗಿತ್ತು, ಅದಕ್ಕ ಹೆಸರು ಕಾಣ್ಲಿಲ್ಲ" ಎಂದು ಮತ್ತೆ ವಿವರಿಸಲು ಹೊರಟಳು. ಅಕ್ಕೋರು ಅವಳ ಭುಜದ ಮೇಲೆ ಕೈ ಇಟ್ಟರು.

"ತಿಳೀತು ತಗೋ ಮಗಳ. ನೌಕರಿ ಮುಗಿಯೋತನಾ ದಿನಾ ಹಾಜರಿ ಕರದೇನಿ. ಹಾಜರಿ ಕರಿಯೋರ ಹೆಸರ ಹುಡುಗರ ಹಾಜರಿಯೊಳಗ ಬರಂಗಿಲ್ಲ. ಹಂಗಂತ ಅಕ್ಕೋರು ಶಾಲಿಗೆ ಬಂದಿಲ್ಲ ಅಂತ ಬರೀತಾರೇನು?"

ನಾನು ನಿವೃತ್ತಳಾಗುವ ದಿನ ಕುಲಕರ್ಣಿ ಸಾಹೇಬರ ರಟ್ಟಿನ ಅಂಚನ್ನು ಅಂಬಿಕಾಳಿಗೆ ಕೊಟ್ಟೆ. ಅವಳು ಪ್ರತಿಯಾಗಿ ತನ್ನ ಹೊಸ ಪ್ರೋಗ್ರಾಂ ಓಡಿಸಿ ತೋರಿಸಿದಳು. ಅಷ್ಟರಲ್ಲಿ ನನ್ನ ಕಣ್ಣು ಚೆನ್ನಾಗಿ ಕಾಣುತ್ತಿತ್ತು. ಈಗ ಅವಳ ಪ್ರತಿ ಕೋಷ್ಟಕದ ನೆತ್ತಿಯಲ್ಲಿ, ಎಲ್ಲ ಸಂಖ್ಯೆಗಳಿಗಿಂತ ಮೇಲೆ, ಒಂದು ಸಾಲು ಬರುತ್ತದೆ:

ಹಾಜರಿ ಕರೆಯುವವರು: ಅಫಜಲಪುರ.